ಟಾನಿ ಪೋರ್ಟ್‌ನಲ್ಲಿ ಹುರಿದ ಮೆಂತ್ಯದ ವಾಸನೆ: ಬಾಟಲಿ ಕೆಟ್ಟಿದೆಯಾ?

ಮಲ್ಲೇಶ್ವರಂ ಎಂಟನೇ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಆಫೀಸಿನ ಕೆಲಸಕ್ಕೆ ಪೋರ್ಚುಗಲ್‌ನ ಪೋರ್ಟೊ ಊರಿಗೆ ಹೋಗಿದ್ದೆ. ಬರುವಾಗ 20 ವರ್ಷದ ಟಾನಿ ಪೋರ್ಟ್ ಅನ್ನುವ ಸಿಹಿ ವೈನ್ ಒಂದು ಬಾಟಲಿ ತಂದೆ. ಯುಗಾದಿ ಆದ ಮೇಲಿನ ಭಾನುವಾರ ಅಪ್ಪ, ನಮ್ಮೆಜಮಾನ್ರು, ನಾನು ಮೂವರೂ ಒಂದೊಂದು ಸಣ್ಣ ಲೋಟ ಕುಡಿದೆವು. ತುಂಬ ಹಿಡಿಸಿತು. ಅರ್ಧಕ್ಕಿಂತ ಜಾಸ್ತಿ ಉಳಿಯಿತು. ವಿಶೇಷ ದಿನಕ್ಕೆ ಇರಲಿ ಅಂತ ಶೋಕೇಸಿನಲ್ಲಿ ಇಟ್ಟುಬಿಟ್ಟೆ.

ಮೂರು ವಾರ ಆಯಿತು. ನಿನ್ನೆ ರಾತ್ರಿ ಬೂಚು ತೆಗೆದ ಕೂಡಲೇ ಮೂಗಿಗೆ ಬಂದದ್ದು ಹುರಿದ ಮೆಂತ್ಯದ ವಾಸನೆ. ಮೊದಲ ದಿನವೂ ಏನೋ ಪರಿಚಯದ ವಾಸನೆ ಅನ್ನಿಸಿತ್ತು, ಹೆಸರು ಹೊಳೆದಿರಲಿಲ್ಲ. ಈಗ ಅನುಮಾನವೇ ಇಲ್ಲ, ಮೆಂತ್ಯವೇ. ಬಣ್ಣ ಕೂಡ ಕೆಂಪಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹಾಗಿದೆ. ಗಾಳಿ ಸೇರಿ ಕೆಟ್ಟಿತಾ? ಅಪ್ಪನಿಗೆ ಎಪ್ಪತ್ತೊಂದು ವರ್ಷ. ಕೆಟ್ಟಿದ್ದನ್ನು ಕೊಡಲು ಭಯ, ಚೆಲ್ಲಲು ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಡ್ಲ ಬಂದರು

ಅಕ್ಕ, ನಮ್ಮ ಕಡೆ ಪೋರ್ಟ್ ವೈನ್ ಅಂದ್ರೆ ಗೋವಾದಿಂದ ಬರುವ ಕಡುಕೆಂಪು ಸಿಹಿ ಬಾಟಲಿ. ಕ್ರಿಸ್‌ಮಸ್ಸಿಗೆ ಕೇಕಿನ ಒಟ್ಟಿಗೆ ಹಿರಿಯರಿಗೆ ಕೊಡುವುದು ಅದನ್ನೇ. ಅದರಲ್ಲಿ ಮೆಂತ್ಯದ ವಾಸನೆ ನನಗೆ ಯಾವತ್ತೂ ಬಂದದ್ದಿಲ್ಲ. ಅದೂ ನೀವು ಹೇಳುವುದೂ ಒಂದೇಯಾ? ಗೊತ್ತಿದ್ದವರು ಹೇಳಿದರೆ ನನಗೂ ಉಪಕಾರ.

ದೋರು ದಡ

ಅಕ್ಕಾ, ಬಾಟಲಿ ಕೆಟ್ಟಿಲ್ಲ. ಚೆಲ್ಲಬೇಡಿ. ಮೊದಲು ಎದ್ದು ಅದನ್ನು ಶೋಕೇಸಿನಿಂದ ತೆಗೆದು ಫ್ರಿಜ್ಜಿನ ಬಾಗಿಲಲ್ಲಿ ನೆಟ್ಟಗೆ ನಿಲ್ಲಿಸಿ ಬನ್ನಿ, ಆಮೇಲೆ ಮುಂದಿನದ್ದು ಓದಿ.

ನಾನು ಏಳು ವರ್ಷದಿಂದ ಪೋರ್ಟೊದಲ್ಲಿದ್ದೇನೆ. ಮನೆ ಇರುವುದು ನದಿಯ ಆಚೆ ದಡದ ವಿಲಾ ನೋವಾ ದ ಗಾಯಾದಲ್ಲಿ. (ನಕ್ಷೆ ನೋಡಿ ನಾವು ಡೌರೊ ಎಂದು ಓದುವ ನದಿಗೆ ಇಲ್ಲಿಯವರು ದೋರು ಅನ್ನುತ್ತಾರೆ.) ನನ್ನದು ಸಾಫ್ಟ್‌ವೇರ್ ಕೆಲಸ, ವೈನ್ ವ್ಯಾಪಾರವಲ್ಲ. ಆದರೆ ಮನೆಯಿಂದ ನದಿಗೆ ಇಳಿಯುವ ರಸ್ತೆಯ ಎರಡೂ ಬದಿ ಪೋರ್ಟ್ ಗೋದಾಮುಗಳೇ. ಮಳೆ ಬಂದು ನಿಂತ ಸಂಜೆ ಆ ದಾರಿಯಲ್ಲಿ ನಡೆದರೆ ಹಳೇ ಮರ, ಒಣದ್ರಾಕ್ಷಿ, ಒದ್ದೆ ಮಣ್ಣು ಸೇರಿದ ಒಂದು ಘಮ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿರುತ್ತದೆ. ಆ ಘಮದ ಹಿಂದೆ ಬಿದ್ದು ಕಲಿತದ್ದು ಇಷ್ಟು.

ದ್ರಾಕ್ಷಿ ಬೆಳೆಯುವುದು ಇಲ್ಲಲ್ಲ. ನದಿಯ ಮೇಲ್ಭಾಗಕ್ಕೆ, ಪೂರ್ವಕ್ಕೆ ನೂರು ಕಿಲೋಮೀಟರ್ ಹತ್ತಿರ ಹೋದರೆ ಪಿಞ್ಞಾವ್ ಅಂತ ಊರು, ಅದರ ಸುತ್ತಲಿನ ಗುಡ್ಡಗಳಲ್ಲಿ. ಮಣ್ಣು ಅನ್ನುವಂಥದ್ದು ಕಡಿಮೆ, ಪದರು ಪದರಾಗಿ ಒಡೆಯುವ ಶಿಸ್ಟ್ ಕಲ್ಲು. ಅದನ್ನೇ ಒಡೆದು ಮೆಟ್ಟಿಲು ಕಟ್ಟಿ ಬಳ್ಳಿ ನೆಟ್ಟಿದ್ದಾರೆ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಅಂತ ಅಲ್ಲಿಯ ಗಾದೆ. ಆ ಮೂರು ತಿಂಗಳ ಬಿಸಿಲಲ್ಲಿ ಹಣ್ಣು ಸಕ್ಕರೆ ಕಟ್ಟುತ್ತದೆ. 1756ರಲ್ಲೇ ಈ ಪ್ರದೇಶಕ್ಕೆ ಗಡಿ ಗೊತ್ತುಮಾಡಿ, ಈ ಗಡಿಯೊಳಗಿನದ್ದು ಮಾತ್ರ ಪೋರ್ಟ್ ಎಂದು ಪೋರ್ಚುಗಲ್‌ನ ಆಗಿನ ಮಂತ್ರಿ ಮಾರ್ಕ್ವಿಸ್ ಪೊಂಬಾಲ್ ಕಟ್ಟಳೆ ಮಾಡಿದ. ಹಾಗಾಗಿ ಕುಡ್ಲದವರೇ, ಗೋವಾದ್ದು ನಮ್ಮ ನೆಲದ ದ್ರಾಕ್ಷಿಯ ಬೇರೆಯದೇ ಪಾನೀಯ. ನಾನೂರೈವತ್ತು ವರ್ಷದ ಪೋರ್ಚುಗೀಸ್ ಆಳ್ವಿಕೆಯಿಂದ ಹೆಸರು ಉಳಿದುಕೊಂಡಿದೆ, ಅಷ್ಟೇ. ನಿಮ್ಮ ಮನೆಯ ಕ್ರಿಸ್‌ಮಸ್ಸಿನ ಬಾಟಲಿಗೆ ಅದರದ್ದೇ ಗೌರವ ಇರಲಿ.

ಕೊಯ್ದ ಹಣ್ಣನ್ನು ತುಳಿದು ಹುದುಗಲು ಬಿಡುತ್ತಾರೆ. ಸಕ್ಕರೆ ಅರ್ಧದಷ್ಟು ಮದ್ಯವಾಗುವ ಹೊತ್ತಿಗೆ ಶೇಕಡಾ 77ರ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ರೂಢಿಯ ಲೆಕ್ಕ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರ್. ಯೀಸ್ಟ್ ಸಾಯುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಪೋರ್ಟ್‌ನ ಸಿಹಿ ಎಂದರೆ ಹಣ್ಣಿನದೇ ಸಕ್ಕರೆ, ಮೇಲಿಂದ ಹಾಕಿದ್ದಲ್ಲ. ಮದ್ಯಸಾರ 19ರಿಂದ 22 ಶೇಕಡಾ.

ಇಲ್ಲಿಂದ ದಾರಿ ಎರಡಾಗುತ್ತದೆ. ಗಾಳಿ ತಾಗದಂತೆ ದೊಡ್ಡ ತೊಟ್ಟಿಯಲ್ಲೋ ಬಾಟಲಿಯಲ್ಲೋ ಕಾಪಾಡಿದರೆ ಕೆಂಪು ಉಳಿಯುತ್ತದೆ. ಅದು ರೂಬಿ, ಅದೇ ಬಳಗದ ದೊಡ್ಡಣ್ಣ ವಿಂಟೇಜ್. 550 ಲೀಟರಿನ ಹಳೇ ಪೀಪಾಯಿಗೆ ಇಳಿಸಿ ವರ್ಷಗಟ್ಟಲೆ ಬಿಟ್ಟರೆ ಮರದ ಸಂದಿಯಿಂದ ಗಾಳಿ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ. ಕೆಂಪು ಬಣ್ಣ ಒಗರಿನ ಜೊತೆ ಕಟ್ಟಿಕೊಂಡು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ವೈನ್ ಇಟ್ಟಿಗೆ ಬಣ್ಣಕ್ಕೆ, ಆಮೇಲೆ ಕಂದಿಗೆ, ಆಮೇಲೆ ಜೇನಿಗೆ ತಿರುಗುತ್ತದೆ. ಅದು ಟಾನಿ. ಅಂದರೆ ನಿಮ್ಮ ಬಾಟಲಿ ನಿಮ್ಮ ಮನೆಗೆ ಬರುವ ಮೊದಲೇ ಇಪ್ಪತ್ತು ವರ್ಷದಷ್ಟು ಗಾಳಿ ಕುಡಿದಿದೆ. ಮೂರು ವಾರದ ಗಾಳಿ ಅದಕ್ಕೆ ದೊಡ್ಡದಲ್ಲ. ಬೆಂಗಳೂರಿನ ಏಪ್ರಿಲ್ ಸೆಕೆ ಮಾತ್ರ ಒಳ್ಳೆಯದಲ್ಲ, ಅದಕ್ಕೇ ಫ್ರಿಜ್ ಹೇಳಿದ್ದು. ತಂಪಿನಲ್ಲಿದ್ದರೆ ಇನ್ನೂ ಒಂದು ತಿಂಗಳು ಆರಾಮ.

ಇನ್ನೊಂದು ಮಾತು. ಆ 550 ಲೀಟರಿನ ಪಾತ್ರೆಗೆ ಇಲ್ಲಿ ಏನು ಹೆಸರು ಗೊತ್ತಾ? ಪಿಪಾ. ನಮ್ಮ ಪೀಪಾಯಿ ಬಂದದ್ದು ಇದೇ ಪೋರ್ಚುಗೀಸ್ ಮಾತಿನಿಂದ. ಚಾವಿ, ಬಟಾಟೆ, ಕರಾವಳಿಯ ಜನೇಲು ಬಂದ ಹಾಗೆ. ಗೋದಾಮಿನ ಮುದುಕರೊಬ್ಬರು ಮೊದಲ ಸಲ ಪೀಪಾಯಿ ತಟ್ಟಿ "ಪಿಪಾ" ಅಂದಾಗ ನನಗೆ ಅಜ್ಜನ ಮನೆಯ ಸೀಮೆಎಣ್ಣೆ ಪೀಪಾಯಿ ಕಣ್ಣ ಮುಂದೆ ಬಂತು.

ಮೆಂತ್ಯದ ವಿಷಯ ನಾನೂ ಬಲ್ಲೆ, ಆದರೆ ಅದನ್ನು ನನಗಿಂತ ಸರಿಯಾಗಿ ಹೇಳುವವರು ಇಲ್ಲಿದ್ದಾರೆ. ಮೇಷ್ಟ್ರೇ, ಬನ್ನಿ.

ರಸಾಯನ ಮೇಷ್ಟ್ರು

ಬಂದೆ. ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ.

ತಾಯಿ, ನಿಮ್ಮ ಮೂಗು ಬಹಳ ಸರಿಯಾಗಿದೆ. ನೀವು ಮೂಸಿದ್ದು "ಮೆಂತ್ಯದ ಹಾಗಿನ" ವಾಸನೆಯಲ್ಲ, ಮೆಂತ್ಯದ ವಾಸನೆಯೇ. ಅದರ ಹೆಸರು ಸೊಟೊಲಾನ್. ಮೆಂತ್ಯಕ್ಕೆ ಮೆಂತ್ಯದ ಘಮ ಕೊಡುವ ಮುಖ್ಯ ಅಣು ಇದು. ಪೀಪಾಯಿಯಲ್ಲಿ ಹಳತಾದ ಪೋರ್ಟ್‌ನಲ್ಲೂ ಇದೇ ಅಣು ತಾನಾಗಿ ಹುಟ್ಟುತ್ತದೆ. ಸಕ್ಕರೆ ಬೇಕು, ಗಾಳಿ ಬೇಕು, ಕಾಲ ಬೇಕು. ವೈನ್‌ಗೆ ವಯಸ್ಸಾದಂತೆ ಇದೂ ಏರುತ್ತಾ ಹೋಗುತ್ತದೆ. ಗಾಳಿ ತಾಗದೆ ಬಾಟಲಿಯಲ್ಲಿ ಬೆಳೆದ ಪೋರ್ಟ್‌ನಲ್ಲಿ ಇಷ್ಟು ಎದ್ದು ಕಾಣುವುದಿಲ್ಲ. ಪೋರ್ಚುಗಲ್‌ನದೇ ಮದೇರಾ ದ್ವೀಪದ ವೈನ್‌ನಲ್ಲಿ, ಫ್ರಾನ್ಸ್‌ನ ಜೂರಾ ಪ್ರಾಂತ್ಯದ ಹಳದಿ ವೈನ್‌ನಲ್ಲಿ ಕೂಡ ಇದೆ.

ಇದರ ಪ್ರಮಾಣ ಎಷ್ಟು ಕಡಿಮೆ ಎಂದರೆ, ಬಹಳ ಹಳೆಯ ಟಾನಿಯಲ್ಲೂ ಲೀಟರಿಗೆ ಒಂದು ಮಿಲಿಗ್ರಾಂ ದಾಟುವುದಿಲ್ಲ. ಅಷ್ಟು ಸಾಕು ಮೂಗಿಗೆ. ಇನ್ನೂ ಒಂದು ಗುಣ ಇದೆ: ತೀರಾ ಕಡಿಮೆ ಇದ್ದಾಗ ಸುಟ್ಟ ಸಕ್ಕರೆ, ಬೆಲ್ಲದ ಪಾಕದ ಹಾಗೆ ತೋರುತ್ತದೆ, ಜಾಸ್ತಿಯಾದಾಗ ಮೆಂತ್ಯವಾಗಿ ತೋರುತ್ತದೆ. ಮೊದಲ ದಿನ ನಿಮಗೆ ಹೆಸರು ಹೊಳೆಯದೆ, ಈಗ ಹೊಳೆದದ್ದಕ್ಕೆ ಇದೂ ಕಾರಣ ಇರಬಹುದು. ಬಾಟಲಿಯ ಹಣ್ಣಿನ ಘಮ ಸ್ವಲ್ಪ ಇಳಿದಿದೆ, ಹಿಂದೆ ನಿಂತಿದ್ದದ್ದು ಮುಂದೆ ಬಂದಿದೆ.

ಮೆಂತ್ಯದ ಹಿಟ್ಟು ತಿಂದ ಮಾರನೇ ದಿನ ಬೆವರಿನಲ್ಲಿ ಸಿಹಿ ವಾಸನೆ ಬರುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಅದೂ ಇದೇ ಅಣುವಿನ ಕೆಲಸ. ನ್ಯೂಯಾರ್ಕ್ ನಗರದಲ್ಲಿ ಕೆಲವು ವರ್ಷ ಆಗಾಗ ಇಡೀ ಬೀದಿಗಳಲ್ಲಿ ಮೇಪಲ್ ಮರದ ರಸದ ಸಿಹಿ ಪಾಕದ ವಾಸನೆ ಬಂದು ಜನ ಗಾಬರಿಯಾಗಿದ್ದರು. 2009ರಲ್ಲಿ ಮೂಲ ಸಿಕ್ಕಿತು: ನದಿಯಾಚೆ ನ್ಯೂಜೆರ್ಸಿಯಲ್ಲಿ ಮೆಂತ್ಯದ ಕಾಳು ಸಂಸ್ಕರಿಸುವ ಕಾರ್ಖಾನೆ.

ನನಗೆ ಇದರಲ್ಲಿ ನಿಜವಾಗಿ ಸಂತೋಷ ಕೊಡುವುದು ಬೇರೆ. ವೈನ್ ಬಗ್ಗೆ ಬರೆಯುವವರು ಹಳೇ ಟಾನಿಗೆ ಆಕ್ರೋಟ್, ಕರಿ ಮಸಾಲೆ ಪುಡಿ, ಮೇಪಲ್ ಅಂತ ಏನೇನೋ ಹೋಲಿಕೆ ಹುಡುಕುತ್ತಾರೆ. ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಆ ಅಣುವೇ ಇದೆ. ಈ ವೈನ್ ಓದಲು ನಮಗೆ ಅಕ್ಷರಾಭ್ಯಾಸ ಚಿಕ್ಕಂದಿನಲ್ಲೇ ಆಗಿದೆ.

ಹಳೇ ಬೂಚು

ಮೇಷ್ಟ್ರ ವಿವರಣೆ ಚೆನ್ನಾಗಿದೆ. ಆದರೆ ನನ್ನದೊಂದು ಆಕ್ಷೇಪ ಇದೆ, ಹೇಳಿಬಿಡುತ್ತೇನೆ.

ನಾನು ವಿಂಟೇಜ್ ಪೋರ್ಟ್ ಕಡೆಯವನು. ಒಂದೇ ವರ್ಷದ ಹಣ್ಣು, ಎರಡು ವರ್ಷ ಮರದಲ್ಲಿ, ಆಮೇಲೆ ಇಪ್ಪತ್ತು ಮೂವತ್ತು ವರ್ಷ ಬಾಟಲಿಯಲ್ಲಿ. ಅದು ಆ ವರ್ಷದ ಮಳೆ ಬಿಸಿಲಿನ ದಾಖಲೆ. ಟಾನಿ ಹಾಗಲ್ಲ. "20 ವರ್ಷ" ಅಂತ ಬರೆದಿರುತ್ತಾರೆ, ಒಳಗೆ ಎಂಟು ವರ್ಷದ್ದೂ ಇರಬಹುದು, ನಲವತ್ತರದ್ದೂ ಇರಬಹುದು. ಕನಿಷ್ಠ ವಯಸ್ಸಿನ ಭರವಸೆಯೂ ಇಲ್ಲ. ವಿಸ್ಕಿಯಲ್ಲಿ ಹೀಗೆ ಬರೆಯಲು ಬಿಡುತ್ತಾರಾ? ಹಣ ಕೊಡುವವನಿಗೆ ತಾನು ಏನು ಕೊಂಡೆ ಅಂತ ಗೊತ್ತಾಗಬೇಡವೇ?

ಇನ್ನೊಂದು. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಟಾನಿ ಕೇಳಿದೆ. ಎಷ್ಟು ದಿನದಿಂದ ತೆರೆದಿಟ್ಟಿದ್ದರೋ, ಬಾರ್ ದೀಪದ ಕೆಳಗೆ ಕಾದು ಬೆಚ್ಚಗಾಗಿತ್ತು. ಬೆಲ್ಲದ ನೀರಿಗೆ ಸಾರಾಯಿ ಬೆರೆಸಿದಂತಿತ್ತು. ಅಂದಿನಿಂದ ನನಗೆ ಇದರ ಮೇಲೆ ಮನಸ್ಸಿಲ್ಲ.

ದೋರು ದಡ

ಸರ್, ಎರಡನೆಯದಕ್ಕೆ ಮೊದಲು ಉತ್ತರ. ಬೆಚ್ಚಗಿನ ಟಾನಿ ಕುಡಿದು ಟಾನಿ ಹೀಗೇ ಎಂದು ತೀರ್ಮಾನಿಸಬೇಡಿ. ಇದನ್ನು ತಂಪಾಗಿಯೇ ಕುಡಿಯಬೇಕು, 12ರಿಂದ 16 ಡಿಗ್ರಿ. ನಮ್ಮೂರ ಕೋಣೆಯ ಬಿಸಿಯಲ್ಲಿ ಸಾರಾಯಿ ಮೇಲೆದ್ದು ಮೂಗು ಮುಚ್ಚಿಬಿಡುತ್ತದೆ. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟರೆ ಹದ. ಇಲ್ಲಿ ಆಗಸ್ಟ್ ಬಿಸಿಲಲ್ಲಿ ತೋಟದವರು ಮಧ್ಯಾಹ್ನದ ಊಟಕ್ಕೆ ಕುಡಿಯುವ ಪೋರ್ಟ್ ತಣ್ಣಗಿನ ಟಾನಿ. ಲೋಟವೂ ಬೆರಳುದ್ದದ ಲಿಕರ್ ಲೋಟ ಬೇಡ. ಬಿಳಿ ವೈನ್‌ನ ಲೋಟ ತೆಗೆದುಕೊಂಡು ಕಾಲು ಭಾಗದಷ್ಟು ಹಾಕಿ. ವಿಂಟೇಜ್‌ನ ಹಾಗೆ ಸೋಸುವ ಕೆಲಸ ಇಲ್ಲ, ಗಸಿ ಎಲ್ಲ ಪೀಪಾಯಿಯಲ್ಲೇ ಬಿಟ್ಟು ಬಂದಿರುತ್ತದೆ.

ಈಗ ವಯಸ್ಸಿನ ವಿಷಯ. ನೀವು ಹೇಳಿದ್ದು ನಿಜ. 10, 20, 30, 40 ಎನ್ನುವುದು ಲೆಕ್ಕದ ಪುಸ್ತಕದ ಕನಿಷ್ಠ ವಯಸ್ಸಲ್ಲ. 2022ರಿಂದ 50 ಕೂಡ ಸೇರಿದೆ. ದೋರು ಮತ್ತು ಪೋರ್ಟ್ ವೈನ್ ಸಂಸ್ಥೆಯ ರುಚಿ ನೋಡುವ ಮಂಡಳಿ ಇದೆ. ಈ ವೈನ್ ಇಪ್ಪತ್ತರ ಗುಣ ತೋರುತ್ತಿದೆಯೇ ಎಂದು ಅವರು ಕುಡಿದು ನೋಡಿ ಒಪ್ಪಬೇಕು. ಒಪ್ಪಿದರೆ ಮಾತ್ರ ಬಾಟಲಿಯ ಕತ್ತಿನ ಮೇಲೆ ಆ ಕಾಗದದ ಮುದ್ರೆ. ಇದರಲ್ಲಿ ಮೋಸ ಇದೆ ಅಂತ ನನಗೆ ಮೊದಲು ಅನ್ನಿಸಿತ್ತು. ಒಂದು ದಿನ ಬೆರಕೆ ಮಾಡುವುದನ್ನು ಹತ್ತಿರದಿಂದ ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಅದೊಂದು ಸಣ್ಣ ಗೋದಾಮು. ನೆಲ ಮಣ್ಣಿನದು. ಬೇಸಿಗೆಯಾದ್ದರಿಂದ ಬೆಳಿಗ್ಗೆ ನೀರು ಚಿಮುಕಿಸಿದ್ದರು, ಗಾಳಿ ತೇವವಾಗಿರಲಿ ಅಂತ. ಆ ಮನೆಯ ಹಿರಿಯರು ಗಾಜಿನ ಕೊಳವೆ ಪೀಪಾಯಿಯ ಬಾಯಿಗೆ ಇಳಿಸಿ ಬೆರಳಿಂದ ಮೇಲ್ತುದಿ ಮುಚ್ಚಿ ಎತ್ತಿದರು. ಲೋಟಕ್ಕೆ ಬಿಟ್ಟದ್ದು ಸುಮಾರು ಅರವತ್ತು ವರ್ಷದ್ದು. ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು, ಅಂಚಿನಲ್ಲಿ ಮಾತ್ರ ಎಳೆ ಹಸಿರು. ಹೌದು, ಹಸಿರು. ತೀರಾ ಹಳೇ ಟಾನಿಯ ಗುರುತೇ ಅದು, ಲೋಟ ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದರೆ ಕಾಣುತ್ತದೆ. ನಾಲಿಗೆಗೆ ಇಟ್ಟರೆ ಜೋನಿಬೆಲ್ಲದಷ್ಟು ದಪ್ಪ, ಹುಳಿ ಎಷ್ಟಿತ್ತೆಂದರೆ ದವಡೆ ಹಿಡಿಯಿತು. ಅದನ್ನೇ ಒಂದು ಲೋಟ ಕುಡಿಯಲು ಆಗುವುದಿಲ್ಲ. ಆಮೇಲೆ ಹದಿನಾಲ್ಕು ವರ್ಷದ್ದು ಕೊಟ್ಟರು. ಹಗುರ, ಒಣಗಿದ ಚೆರ್ರಿ, ಕಿತ್ತಳೆ ಸಿಪ್ಪೆ, ಆದರೆ ಬಾಯಿಂದ ಬೇಗ ಇಳಿದು ಹೋಗುತ್ತದೆ. ಆ ಹಿರಿಯರು ಎರಡನೆಯದಕ್ಕೆ ಮೊದಲನೆಯದರ ನಾಲ್ಕೇ ಹನಿ ಬಿಟ್ಟು ಅಲ್ಲಾಡಿಸಿ ಕೊಟ್ಟರು. ಅದೇ ವೈನ್ ನಿಂತುಕೊಂಡಿತು. ನುಂಗಿದ ಮೇಲೂ ನಿಮಿಷಗಟ್ಟಲೆ ಬಾಯಲ್ಲಿ ಬಾದಾಮಿ.

ಹಳೇ ಹುಣಸೆಹಣ್ಣು ಹೊಸ ಹುಣಸೆಹಣ್ಣು ಬೆರೆಸಿ ಸಾರಿನ ಹದ ಕಾಯುವವರನ್ನು ನಾವು ಮೋಸ ಮಾಡುತ್ತಾರೆ ಅನ್ನುವುದಿಲ್ಲ ಸರ್. ಮನೆತನದ ರುಚಿಯನ್ನು ಪ್ರತಿವರ್ಷ ಹಾಗೇ ಕಾಪಾಡುವುದು ಬೆರಕೆಯವನ ಕೈಗುಣ.

ಒಂದೇ ವರ್ಷದ್ದು ಬೇಕೇ ಬೇಕು ಅಂದರೆ ಟಾನಿಯಲ್ಲೂ ಇದೆ: ಕೊಲ್ಯೇಟಾ. ಒಂದೇ ಸುಗ್ಗಿಯ ವೈನ್, ಕನಿಷ್ಠ ಏಳು ವರ್ಷ ಪೀಪಾಯಿಯಲ್ಲಿ, ಸಾಮಾನ್ಯವಾಗಿ ಇನ್ನೂ ಬಹಳ ಜಾಸ್ತಿ. ಲೇಬಲ್ ಮೇಲೆ ಸುಗ್ಗಿಯ ವರ್ಷವೂ ಬಾಟಲಿಗೆ ತುಂಬಿದ ವರ್ಷವೂ ಇರುತ್ತದೆ. ಎರಡರ ನಡುವಿನ ಅಂತರವೇ ಅದರ ನಿಜವಾದ ವಯಸ್ಸು. ಪೋರ್ಟ್ ತಯಾರಿಸುವ ಕೊಪ್ಕೆ, ನೀಪೂರ್ಟ್ ಮನೆಗಳು ಇದಕ್ಕೆ ಹೆಸರಾದವು. ಕೊಪ್ಕೆಯಂತೂ 1638ರದ್ದು, ಪೋರ್ಟ್ ಮನೆಗಳಲ್ಲೇ ಹಳೆಯದು. ನೀವು ಒಮ್ಮೆ ಕುಡಿದು ನೋಡಬೇಕು ಅಂತ ನನ್ನ ಆಸೆ.

ರಸಾಯನ ಮೇಷ್ಟ್ರು

ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ ಎರಡರಷ್ಟು ಆವಿಯಾಗುತ್ತದೆ ಎಂದು ಓದಿದ್ದೆ. ಲೆಕ್ಕ ಹಾಕಿ ನೋಡಿದೆ. 550 ಲೀಟರ್ ಹಾಕಿ ಮುಟ್ಟದೆ ಬಿಟ್ಟರೆ ಇಪ್ಪತ್ತು ವರ್ಷಕ್ಕೆ 367 ಲೀಟರ್ ಉಳಿಯುತ್ತದೆ. ನಲವತ್ತು ವರ್ಷಕ್ಕೆ 245. ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋಯಿತು. ಹೋದದ್ದು ನೀರು ಮತ್ತು ಮದ್ಯಸಾರ. ಸಕ್ಕರೆ ಹೋಗಲಾರದು, ಹುಳಿಯೂ ಹೋಗಲಾರದು. ದೋರು ದಡದವರಿಗೆ ದವಡೆ ಹಿಡಿದದ್ದು ಅದಕ್ಕೇ. ಕಬ್ಬಿನ ಹಾಲು ಒಲೆಯ ಮೇಲೆ ಒಂದು ಹಗಲಲ್ಲಿ ಬೆಲ್ಲವಾಗುತ್ತದೆ. ಇಲ್ಲಿ ಒಲೆ ಇಲ್ಲ, ಬೆಂಕಿ ಇಲ್ಲ, ಬರೀ ವರ್ಷಗಳ ಮೇಲೆ ವರ್ಷ. ನನಗೆ ಇದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ದೋರು ದಡದವರೇ, ಒಂದು ಸಂದೇಹ. ದ್ರಾಕ್ಷಿ ಬೆಳೆಯುವ ಕಡೆಯೇ ಪೀಪಾಯಿ ಇಡಬಹುದಲ್ಲ, ಅಷ್ಟು ದೂರ ಗಾಯಾಗೆ ಯಾಕೆ ತರುತ್ತಿದ್ದರು?

ದೋರು ದಡ

ಮೇಷ್ಟ್ರೇ, ಬೆಂಕಿಯ ಮಾತೇ ಉತ್ತರ. ಮೇಲ್ಭಾಗದಲ್ಲಿ ಬೇಸಿಗೆ ಸುಡುತ್ತದೆ, ಪೀಪಾಯಿ ಬೇಗ ಹಳತಾಗುತ್ತದೆ, ಬೆಂದ ವಾಸನೆ ಬರುತ್ತದೆ. "ದೋರು ಬೇಗೆ" ಅಂತಲೇ ಹೆಸರಿದೆ ಅದಕ್ಕೆ. ಗಾಯಾ ಅಟ್ಲಾಂಟಿಕ್ ಕಡಲ ಬಾಯಲ್ಲಿದೆ, ಮಂಜು, ತೇವ, ತಂಪು. ಗೋದಾಮುಗಳಿರುವುದು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ಬಿಸಿಲು ನೇರ ಬೀಳುವುದಿಲ್ಲ. ಮೊದಲು ಪೀಪಾಯಿಗಳನ್ನು ರಬೆಲೊ ಅನ್ನುವ ಚಪ್ಪಟೆ ತಳದ ದೋಣಿಯಲ್ಲಿ ಹೊಳೆಯಿಳಿಸಿ ತರುತ್ತಿದ್ದರು. ಆಗ ಹೊಳೆಯಲ್ಲಿ ಭಯಂಕರ ರಭಸಗಳಿದ್ದವು. ಪೋರ್ಟ್ ವ್ಯಾಪಾರದ ಬ್ಯಾರನ್ ಫಾರೆಸ್ಟರ್ 1861ರಲ್ಲಿ ವಲೈರಾ ರಭಸದಲ್ಲಿ ದೋಣಿ ಮಗುಚಿ ಮುಳುಗಿಹೋದ. ಅದೇ ದೋಣಿಯಲ್ಲಿದ್ದ ತೋಟದೊಡತಿ ದೋನಾ ಆಂಟೋನಿಯಾ ಫೆರೈರಾ ಬದುಕುಳಿದರು. ಆ ಹೆಂಗಸು ಮುಂದೆ ದೋರುವಿನ ತೋಟಗಾರರಿಗೆಲ್ಲ ತಾಯಿಯಂತಾದರು, ಇಂದಿಗೂ ಇಲ್ಲಿ ಅವರ ಹೆಸರು ಪ್ರೀತಿಯಿಂದ ಹೇಳುತ್ತಾರೆ. ಆಮೇಲೆ ಅಣೆಕಟ್ಟುಗಳು ಬಂದು ಹೊಳೆ ಸುಮ್ಮನಾಯಿತು, ದೋಣಿಗಳು ದಡದಲ್ಲಿ ನೋಡುವ ವಸ್ತುವಾದವು. ಈಗ ಟ್ಯಾಂಕರ್ ಲಾರಿ. 1986ರ ತನಕ ಗಾಯಾದಿಂದಲೇ ರಫ್ತು ಆಗಬೇಕೆಂಬ ಕಾಯಿದೆ ಇತ್ತು. ಈಗ ತೋಟದವರೂ ನೇರ ಕಳಿಸಬಹುದು.

ಪೇಡಾ ಊರಾಂವ

ನಮಸ್ಕಾರ್ರೀ ಎಲ್ಲಾರಿಗೂ. ನಾ ಧಾರವಾಡದಾಂವ, ಲಂಡನ್ನಿಗೆ ಬಂದು ಹದಿನೈದು ವರ್ಷ ಆತು. ಇಲ್ಲೆ ಕ್ರಿಸ್‌ಮಸ್ ಬಂತಂದ್ರ ನೀಲಿ ಗೆರಿ ಇರೋ ಸ್ಟಿಲ್ಟನ್ ಚೀಸ್ ಜೋಡಿ ಪೋರ್ಟ್ ಇಡತಾರ. ನನಗ ಆ ಚೀಸ್ ವಾಸನಿ ಒಗ್ಗಲಿಲ್ಲ. ಒಂದು ವರ್ಷ ಊರಿಂದ ಅವ್ವ ಕಳಿಸಿದ ಪೇಡಾ ಡಬ್ಬಿ ಮುಂದಿತ್ತು. ಒಂದು ಮುರದು ಬಾಯಾಗ ಇಟಗೊಂಡು, ಕರಗೂ ಮುಂಚೆ 10 ವರ್ಷದ ಟಾನಿ ಒಂದು ಗುಟುಕು ತಗೊಂಡ್ಯ. ಹಾಲು ಕಾಸಿ ಕಾಸಿ ಕಂದು ಮಾಡಿದ್ದ ರುಚಿ, ವೈನಿನ ರುಚಿ, ಎರಡೂ ಒಂದ ಮನಿಯವು ಅನ್ನಿಸಿತು ನೋಡ್ರಿ.

ಅದಕ್ಕಿಂತ ಛಲೋ ಅಂದ್ರ ಕರದಂಟು. ಗೋಕಾಕದ್ದರ ಇರಲಿ, ಅಮೀನಗಡದ್ದರ ಇರಲಿ. ಅಂಟು, ಬೆಲ್ಲ, ಒಣಕೊಬ್ಬರಿ, ಬದಾಮಿ, ಉತ್ತತ್ತಿ. 20 ವರ್ಷದ ಟಾನಿಯೊಳಗ ಇವೆಲ್ಲಾ ಅದಾವ. ಸಣ್ಣ ತುಂಡು ಸಾಕು, ನಿಧಾನಕ ಅಗೀಬೇಕು. ಮೈಸೂರು ಪಾಕ್ ಮಾತ್ರ ಹಚ್ಚಬ್ಯಾಡ್ರಿ. ತುಪ್ಪ ನಾಲಿಗಿ ಮ್ಯಾಲೆ ಕುಂತು ವೈನಿನ ರುಚಿನ ಹತ್ತಗೊಡೂದಿಲ್ಲ. ಜಾಮೂನನೂ ಬ್ಯಾಡ, ಅದರ ಸಿಹಿ ಮುಂದ ಟಾನಿ ಹುಳಿ ಆಗಿ ಕಾಣತೈತಿ.

ದೋರು ದಡ

ಅಣ್ಣಾ, ನೀವು ಹೇಳಿದ್ದಕ್ಕೆ ಇಲ್ಲಿಯ ನೆಲದ ಸಾಕ್ಷಿಯೇ ಇದೆ. ದೋರುವಿನ ಮೇಲ್ಭಾಗದಲ್ಲಿ ದ್ರಾಕ್ಷಿ ಸಾಲುಗಳ ಅಂಚಿಗೆ ಬಾದಾಮಿ ಮರ, ಅಂಜೂರದ ಮರ. ಇವರು ಟಾನಿ ಜೊತೆ ತಿನ್ನುವುದು ಬಾದಾಮಿ ಕಡುಬು, ಒಣ ಅಂಜೂರ, ಮೊಟ್ಟೆಯ ಹಳದಿಯಿಂದ ಮಾಡಿ ಮೇಲೆ ಕಪ್ಪಗೆ ಸುಟ್ಟ ಪಾಸ್ತೇಲ್ ದ ನಾತಾ. ಕರದಂಟು ನಾನು ಯಾಕೆ ಇಷ್ಟು ವರ್ಷ ತರಲಿಲ್ಲವೋ! ಮುಂದಿನ ಸಲ ಊರಿಗೆ ಬಂದಾಗ ಎರಡು ಕಿಲೋ.

ಕುಡ್ಲ ಬಂದರು

ನನ್ನ ಮಾವನಿಗೆ ಸಕ್ಕರೆ ಕಾಯಿಲೆ ಉಂಟು. ಹಣ್ಣಿನದೇ ಸಕ್ಕರೆ ಅಂದ ಮೇಲೆ ಅವರಿಗೆ ಕೊಡಬಹುದಾ?

ರಸಾಯನ ಮೇಷ್ಟ್ರು

ಬೇಡ ಸ್ವಾಮಿ. ಹಣ್ಣಿನದಾದರೂ ಸಕ್ಕರೆ ಸಕ್ಕರೆಯೇ. ಲೀಟರಿಗೆ ನೂರು ಗ್ರಾಂ ಆಸುಪಾಸು ಇರುತ್ತದೆ, ಜೊತೆಗೆ ಮದ್ಯಸಾರ ಇಪ್ಪತ್ತು ಶೇಕಡಾ. ಅವರ ವೈದ್ಯರನ್ನು ಕೇಳದೆ ಕೊಡಬೇಡಿ. ಮೂಸಲು ಕೊಡಿ, ಅದಕ್ಕೆ ಯಾವ ಪಥ್ಯವೂ ಇಲ್ಲ.

ಹಳೇ ಬೂಚು

ಕೆಲವು ವಾರದ ಮೇಲೆ ಬರೆಯುತ್ತಿದ್ದೇನೆ. ದುಬೈನಿಂದ ಬಂದ ಗೆಳೆಯನ ಕೈಲಿ ಒಂದು ಕೊಲ್ಯೇಟಾ ತರಿಸಿದೆ. ಇಲ್ಲಿ ಕೊಳ್ಳಲು ಹೋದರೆ ಆಮದು ಸುಂಕವೇ ಬಹಳ ಜಾಸ್ತಿ, ಹಾಗಾಗಿ ಯಾರಾದರೂ ಬರುವವರನ್ನು ಕಾಯುವುದೇ ದಾರಿ, ತಲೆಗೆ ಎರಡು ಲೀಟರ್ ತನಕ ತರಬಹುದು. ಸುಗ್ಗಿ ಮತ್ತು ಬಾಟಲಿಯ ನಡುವೆ ಹದಿನೆಂಟು ವರ್ಷ. ಹೇಳಿದ ಹಾಗೆ ತಂಪು ಮಾಡಿ, ದೊಡ್ಡ ಲೋಟದಲ್ಲಿ ಹಾಕಿ ಕುಡಿದೆ.

ವಿಂಟೇಜ್ ನನಗೆ ಈಗಲೂ ಮೇಲು. ಅದರ ಕಪ್ಪು ಹಣ್ಣಿನ ಆಳ, ಆ ಒಗರು, ಇದರಲ್ಲಿ ಇಲ್ಲ. ಆದರೆ ವಿಂಟೇಜ್ ತೆರೆದರೆ ಎರಡು ದಿನದಲ್ಲಿ ಮುಗಿಸಬೇಕು, ನಾಲ್ಕು ಜನ ಸೇರಿಸಬೇಕು. ನಾನು ಒಬ್ಬನೇ ಇರುವವನು. ಹದಿನಾಲ್ಕು ದಿನದಿಂದ ರಾತ್ರಿ ಊಟ ಆದ ಮೇಲೆ ಒಂದೇ ಲೋಟ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದೇನೆ. ಹದಿನಾಲ್ಕನೇ ದಿನದ್ದೂ ಮೊದಲನೇ ದಿನದಷ್ಟೇ ಚೆನ್ನಾಗಿದೆ. ಹೋಟೆಲಿನ ಆ ಲೋಟದ ಮೇಲೆ ಇಡೀ ಟಾನಿಯನ್ನು ತಳ್ಳಿಹಾಕಿದ್ದು ತಪ್ಪು. ಒಪ್ಪುತ್ತೇನೆ.

ಒಂದು ಪ್ರಶ್ನೆ. ಇನ್ನೊಂದು ಬಾಟಲಿ ತರಿಸಿ ಹತ್ತು ವರ್ಷ ಎತ್ತಿಟ್ಟರೆ ಇನ್ನೂ ಚೆನ್ನಾಗುತ್ತದೆಯೇ?

ದೋರು ದಡ

ಇಲ್ಲ ಸರ್. ಪೀಪಾಯಿ ಬಿಟ್ಟ ದಿನವೇ ಟಾನಿಯ ಬೆಳವಣಿಗೆ ಮುಗಿಯಿತು. ಬಾಟಲಿಯಲ್ಲಿ ಅದು ಕಾಯುತ್ತದೆ, ಏರುವುದಿಲ್ಲ. ವಯಸ್ಸು ಹಾಕಿದ ಟಾನಿಯಾದರೆ ಹಿಂದಿನ ಲೇಬಲ್‌ನಲ್ಲಿ ತುಂಬಿದ ವರ್ಷ ನೋಡಿ ಇತ್ತೀಚಿನದ್ದೇ ಕೊಳ್ಳಿ. ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮೊದಲ ಸಲ ಕೊಳ್ಳುವವರಿಗೂ ನನ್ನ ಮಾತು ಒಂದೇ: ವಯಸ್ಸು ಬರೆಯದೆ ಬರೀ ಟಾನಿ ಎಂದಿರುವ ಅಗ್ಗದ ಬಾಟಲಿಯಲ್ಲಿ ಬಣ್ಣ ಮಾತ್ರ ತೆಳು, ಪೀಪಾಯಿಯ ಬಹಳ ವರ್ಷಗಳು ಇರುವುದಿಲ್ಲ. ಕಲಿಯಲು 10 ಸಾಕು. ಹಣಕ್ಕೂ ರುಚಿಗೂ ನನ್ನ ಲೆಕ್ಕದಲ್ಲಿ 20 ಸರಿಯಾದ ಜಾಗ, ಹಣ್ಣೂ ಇರುತ್ತದೆ, ಮೆಂತ್ಯವೂ ಬಂದಿರುತ್ತದೆ. 40 ಜೀವನದಲ್ಲಿ ಒಮ್ಮೆ, ಜೊತೆಗೆ ಕುಡಿಯಲು ಪ್ರೀತಿಯವರು ಇರುವಾಗ.

ಮಲ್ಲೇಶ್ವರಂ ಎಂಟನೇ ಅಡ್ಡರಸ್ತೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಲಿ. ಬಾಟಲಿ ಅವತ್ತೇ ಫ್ರಿಜ್ಜಿಗೆ ಹೋಯಿತು. ಭಾನುವಾರ ಸಂಜೆ ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ನಂಬಲಿಲ್ಲ. ಒಗ್ಗರಣೆ ಸೌಟಿನಲ್ಲಿ ಒಂದು ಚಮಚ ಮೆಂತ್ಯ ಹಾಕಿ ಹದವಾಗಿ ಕೆಂಪಗೆ ಹುರಿದೆ. ಬಟ್ಟಲಿಗೆ ಸುರಿದು ಒಂದು ಕೈಯಲ್ಲಿ ಹಿಡಿದೆ, ಇನ್ನೊಂದು ಕೈಯಲ್ಲಿ ಲೋಟ. ಅಪ್ಪ ಕಣ್ಣು ಮುಚ್ಚಿಕೊಂಡು ಒಂದಾದ ಮೇಲೆ ಒಂದು ಮೂಸಿದರು. ಮೂರು ಸಲ ಕೇಳಿದೆ, ಎರಡು ಸಲ ಲೋಟಕ್ಕೆ ಬಟ್ಟಲು ಅಂದರು.

ನಮ್ಮಮ್ಮ ಇಂಥದ್ದು ಮುಟ್ಟುವವರಲ್ಲ. ಬರೀ ಮೂಸಿ ನೋಡಮ್ಮ ಅಂತ ಬಲವಂತ ಮಾಡಿದೆ. ಅವರು ಲೋಟ ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ನಿನ್ನ ಬಾಣಂತನದ ಉಂಡೆ ಡಬ್ಬಿ ಕಣೇ" ಅಂದರು. ನನ್ನ ಮಗಳು ಹುಟ್ಟಿದಾಗ ಅಮ್ಮ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ಹುರಿದ ಮೆಂತ್ಯದ ಪುಡಿ ಹಾಕಿ ಉಂಡೆ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲ ದಿನ ನನಗೆ ಪರಿಚಯ ಅನ್ನಿಸಿ ಹೆಸರು ಹೊಳೆಯದಿದ್ದ ವಾಸನೆ ಅದೇ. ಡಬ್ಬಿ ಮುಚ್ಚಳ ತೆಗೆದಾಗ ಬರುತ್ತಿತ್ತಲ್ಲ, ಅದು.

ಬಾಟಲಿಯಲ್ಲಿ ಇನ್ನು ಎರಡು ಲೋಟದಷ್ಟಿದೆ. ಅಪ್ಪನಿಗೆ ಒಂದು, ನನಗೆ ಒಂದು. ಅಮ್ಮ ಖಾಲಿ ಲೋಟ ತೊಳೆಯಲು ಬಿಡಲಿಲ್ಲ. ಬೆಳಿಗ್ಗೆ ಇನ್ನೊಂದು ಸಲ ಮೂಸುತ್ತೇನೆ ಅಂತ ಅಡುಗೆಮನೆ ಕಿಟಕಿಯ ಮೇಲೆ ಇಟ್ಟು ಮಲಗಿದ್ದಾರೆ.

ದೋರು ದಡ

ಅಕ್ಕಾ, ಗೋದಾಮಿನವರೂ ಹಾಗೇ ಮಾಡುತ್ತಾರೆ, ಖಾಲಿ ಲೋಟವನ್ನು ಮಾರನೇ ದಿನ ಮೂಸಿ ನೋಡುತ್ತಾರೆ. ಬೆಳಿಗ್ಗೆ ಅಮ್ಮ ಏನಂದರು ಅಂತ ಮರೆಯದೆ ಬರೆಯಿರಿ.

ಮಲ್ಲೇಶ್ವರಂ ಎಂಟನೇ ಅಡ್ಡರಸ್ತೆ

ಮೆಂತ್ಯ ಹೋಗಿದೆಯಂತೆ. ಬೆಲ್ಲ ಇದೆ, ಹಳೇ ಮರದ ಪೆಟ್ಟಿಗೆ ಇದೆ ಅಂದರು. ಇವತ್ತು ಅಂಟು ತರಲು ಗಾಂಧಿ ಬಜಾರಿಗೆ ಹೋಗಿದ್ದಾರೆ.